ವಿನ್ಯಾಸದ ಸಂಶೋಧನಾ ಪತ್ರಿಕೆಗಳಲ್ಲಿ ಲೇಖಕರ ಗುರುತನ್ನು ನಿಜಕ್ಕೂ ಮರೆಮಾಡಲು ಸಾಧ್ಯವೇ?

ಪೂರ್ತಿಯಾಗಿ ಸಾಧ್ಯವಿಲ್ಲ, ಆದರೂ ಪ್ರಯತ್ನ ಬಿಡಬಾರದು. ಹೆಚ್ಚಿನ ವಿನ್ಯಾಸ ಪತ್ರಿಕೆಗಳಲ್ಲಿ ಲೇಖನವನ್ನು ಮೊದಲು ಸಂಪಾದಕರು ನೋಡುತ್ತಾರೆ. ಪತ್ರಿಕೆಯ ವ್ಯಾಪ್ತಿಗೆ ಹೊಂದದಿದ್ದರೆ ಅಲ್ಲಿಂದಲೇ ಹಿಂದಿರುಗುತ್ತದೆ. ಹೊಂದಿದರೆ ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು ವಿಮರ್ಶಕರಿಗೆ ಹೋಗುತ್ತದೆ. ಲೇಖಕರು ಯಾರೆಂದು ಅವರಿಗೆ, ಅವರು ಯಾರೆಂದು ಲೇಖಕರಿಗೆ ತಿಳಿಸುವುದಿಲ್ಲ.

ತೊಡಕು ಇರುವುದು ಚಿತ್ರಗಳಲ್ಲಿ. ಹೆಸರು ಅಳಿಸಿದರೂ ಮಾದರಿಯ ಫೋಟೊದ ಮೂಲೆಯಲ್ಲಿ ಸಂಸ್ಥೆಯ ಲಾಂಛನ ಉಳಿದಿರುತ್ತದೆ, ಇಲ್ಲವೇ ಕಡತದ ಗುಣಲಕ್ಷಣಗಳಲ್ಲಿ ಲೇಖಕರ ಹೆಸರು ಅಡಗಿರುತ್ತದೆ. ‘ನಮ್ಮ ಹಿಂದಿನ ಯೋಜನೆಯಲ್ಲಿ’ ಎಂಬ ಒಂದೇ ಸಾಲು ಗುಟ್ಟು ರಟ್ಟು ಮಾಡಬಲ್ಲದು. ಕಳುಹಿಸುವ ಮುನ್ನ ಇವನ್ನೆಲ್ಲ ದಯವಿಟ್ಟು ಪರಿಶೀಲಿಸಿ.

ನೈತಿಕತೆಯ ವಿಷಯದಲ್ಲಿ ಹಲವು ಪತ್ರಿಕೆಗಳು 1997ರಲ್ಲಿ ಆರಂಭವಾದ ‘ಕೋಪ್’ (COPE, ಪ್ರಕಟಣೆಯ ನೈತಿಕತೆಗಾಗಿ ಇರುವ ಸಮಿತಿ) ಮಾರ್ಗಸೂಚಿಗಳನ್ನು ಅನುಸರಿಸುತ್ತವೆ. ಕೃತಿಚೌರ್ಯ, ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸುವುದು ಎಲ್ಲೆಡೆಯೂ ತಪ್ಪೇ. ಕೃತಕ ಬುದ್ಧಿಮತ್ತೆಯ ಸಾಧನವನ್ನು ಲೇಖಕರೆಂದು ಹೆಸರಿಸುವಂತಿಲ್ಲ ಎಂಬುದೂ ಕೋಪ್‌ನ ನಿಲುವು. ವಿನ್ಯಾಸ ಕ್ಷೇತ್ರದಲ್ಲಿ ಹೆಚ್ಚು ಕಡೆಗಣಿಸಲ್ಪಡುವುದು ಮಾತ್ರ ಬೇರೆ: ಕಾರ್ಯಾಗಾರದಲ್ಲಿ ಭಾಗವಹಿಸಿದವರ ಒಪ್ಪಿಗೆ ಮತ್ತು ಅವರು ಬಿಡಿಸಿದ ರೇಖಾಚಿತ್ರಗಳ ಮೇಲಿನ ಹಕ್ಕು. ಫೋಟೊ ತೆಗೆಯಲು ಒಪ್ಪಿದವರು ಅದರ ಪ್ರಕಟಣೆಗೂ ಒಪ್ಪಿದ್ದಾರೆ ಎಂದು ಭಾವಿಸುವುದು ಅನ್ಯಾಯ. ಎರಡಕ್ಕೂ ಪ್ರತ್ಯೇಕವಾಗಿ, ಲಿಖಿತ ಒಪ್ಪಿಗೆ ಪಡೆಯಿರಿ.