ಡೆಕಾಲ್ ಕೆಳಗೆ ಬೆಳ್ಳಿ ಮಬ್ಬು

ನಿಮ್ಮ ಎಚ್‌ಓ (1:87 ಅಳತೆಯ) ಡಬ್ಲ್ಯುಡಿಪಿ-4 ಡೀಸೆಲ್ ರೈಲು ಎಂಜಿನ್ ಮಾಡೆಲ್ ಮೇಲೆ ನಂಬರಿನ ಡೆಕಾಲ್ (ನೀರಲ್ಲಿ ಅದ್ದಿ ಜಾರಿಸಿ ಅಂಟಿಸುವ ತೆಳು ಸ್ಟಿಕರ್) ಅಂಟಿಸಿದ ಕಡೆ ಬೆಳ್ಳಿಯಂತೆ ಮಬ್ಬು ಕಾಣುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಮ್ಯಾಟ್ (ಹೊಳಪಿಲ್ಲದ) ಪೇಂಟೇ ಕಾರಣ. ಅದು ಕಣ್ಣಿಗೆ ನುಣುಪಾಗಿ ಕಂಡರೂ ತರಿತರಿ ಇರುತ್ತದೆ. ಡೆಕಾಲ್ ಕೂತಾಗ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕಾಣುತ್ತಿರುವುದು ಆ ಗಾಳಿ.

ಅಂಟಿಸಿದ್ದನ್ನು ಕೀಳಬೇಡಿ. ಮಬ್ಬಾದ ಕಡೆ ಸಣ್ಣ ಸೂಜಿಯಿಂದ ನಾಲ್ಕೈದು ಸಲ ಚುಚ್ಚಿ, ಮೈಕ್ರೋ ಸಾಲ್‌ನಂಥ ಡೆಕಾಲ್ ಮೆತ್ತಗೆ ಮಾಡುವ ದ್ರವವನ್ನು ಬ್ರಷ್‌ನಲ್ಲಿ ಒಂದು ಹನಿ ಹಚ್ಚಿ. ಡೆಕಾಲ್ ಸುಕ್ಕಾಗಬಹುದು. ಗಾಬರಿಯಾಗಿ ಬೆರಳು ಹಾಕಬೇಡಿ! ನಾನು ಹಾಗೆ ಮಾಡಿ ಒಂದು ನಂಬರ್ ಕಳೆದುಕೊಂಡಿದ್ದೇನೆ. ಒಣಗುವಾಗ ತಾನೇ ಚಪ್ಪಟೆಯಾಗುತ್ತದೆ. ಬೇಕಾದರೆ ಮತ್ತೆರಡು ಸಲ ಹಚ್ಚಿ. ಮಬ್ಬು ಪೂರ್ತಿ ಹೋಗುತ್ತದೆ ಅಂತ ಖಾತ್ರಿ ಕೊಡಲಾರೆ, ಸಾಮಾನ್ಯವಾಗಿ ಕಡಿಮೆಯಂತೂ ಆಗುತ್ತದೆ.

ಎಂಜಿನ್‌ನ ಇನ್ನೊಂದು ಬದಿಗೆ ಡೆಕಾಲ್ ಅಂಟಿಸುವಾಗ, ಮೇಲ್ಮೈ ನುಣುಪಾಗಲು ಮೊದಲು ಗ್ಲಾಸಿ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಲೇಪ) ತೆಳುವಾಗಿ ಹೊಡೆದು ಒಂದೆರಡು ದಿನ ಬಿಡಿ. ಡೆಕಾಲನ್ನು ಅಕ್ಷರಕ್ಕೆ ಹತ್ತಿರವಾಗಿ ಕತ್ತರಿಸಿ, 10-20 ಸೆಕೆಂಡ್ ನೀರಲ್ಲಿ ಅದ್ದಿ ಹೊರಗಿಡಿ. ಕಾಗದದ ಮೇಲೆ ಸುಮ್ನೆ ಜಾರುವ ತನಕ ಕಾಯಿರಿ, ಎಳೆಯಬೇಡಿ. ಅಂಟಿಸುವ ಜಾಗ ಒದ್ದೆ ಮಾಡಿ, ಜಾರಿಸಿ, ಇಯರ್ ಬಡ್‌ನಿಂದ ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆಯಿರಿ. ಆಮೇಲೆ ಅದೇ ದ್ರವ. ಮರುದಿನ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಒಣಗಿದ ಮೇಲೆ ಮ್ಯಾಟ್ ಕೋಟ್ ಹೊಡೆದರೆ ಹೊಳಪೂ ಹೋಗುತ್ತದೆ, ಅಂಚೂ ಅಷ್ಟಾಗಿ ಕಾಣುವುದಿಲ್ಲ.

ಡೆಕಾಲ್ ಅಂಗಡಿಯದೋ ಮನೆಯಲ್ಲಿ ಪ್ರಿಂಟ್ ಮಾಡಿದ್ದೋ ನೀವು ಹೇಳಿಲ್ಲ. ಇಂಕ್‌ಜೆಟ್ ಆಗಿದ್ದರೆ ನೀರಿಗೆ ಹಾಕುವ ಮೊದಲೇ ಕ್ಲಿಯರ್ ಸ್ಪ್ರೇ ಹೊಡೆಯಿರಿ, ಇಲ್ಲದಿದ್ದರೆ ಶಾಯಿ ಹರಡುತ್ತದೆ. ದ್ರವವನ್ನೂ ಮೊದಲು ಬೇಡದ ತುಂಡಿನ ಮೇಲೆ ಹಚ್ಚಿ ನೋಡಿ.