ಕಳೆ ಬಂದು ಕಾಡು ಕೆಟ್ಟಿತೋ, ಕಾಡು ಕೆಟ್ಟಮೇಲೆ ಕಳೆ ಬಂತೋ?

ನೀವು ಕೇಳಿದ್ದು ಇಷ್ಟು: ಆಕ್ರಮಣಕಾರಿ ಪ್ರಭೇದಗಳಿಂದ, ಅಂದರೆ ಹೊರಗಿನಿಂದ ಬಂದು ಹಬ್ಬಿ ಹಾನಿ ಮಾಡುವ ಗಿಡ, ಪ್ರಾಣಿಗಳಿಂದ, ಪರಿಸರ ಹಾಳಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ಪರಿಸರ ಮೊದಲೇ ಹಾಳಾಗಿದ್ದಕ್ಕೆ ಅವು ಬಂದವು ಎಂದು ಇನ್ನು ಕೆಲವರು. ಸಂಶೋಧಕರು ಈ ಗಂಟನ್ನು ಬಿಡಿಸುವುದು ಹೇಗೆ? ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೇ ಇದು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಎರಡೂ ನಿಜ. ಎಲ್ಲಿ ಯಾವುದು ನಿಜ ಎನ್ನುವುದು ಮಾತ್ರ ಬರಿಗಣ್ಣಿಗೆ ತಿಳಿಯುವುದಿಲ್ಲ. ಹೊರಗಿನಿಂದ ಬಂದ ಲಂಟಾನ ಎಂಬ ಪೊದೆ ತುಂಬಿದ ಕಾಡಿನಲ್ಲಿ ಬೇರೆ ಸಸಿಗಳು ಕಡಿಮೆ ಇದ್ದರೆ ಲಂಟಾನವೇ ಅವನ್ನು ಕೊಂದಿತು ಎಂದು ಹೇಳಲು ಬರುವುದಿಲ್ಲ. ದನ ಮೇದು, ಮೇಲಿಂದ ಮೇಲೆ ಬೆಂಕಿ ಬಿದ್ದು, ಮರ ಕಡಿದು ನೆಲಕ್ಕೆ ಬಿಸಿಲು ಬಿದ್ದಾಗಲೇ ಸಸಿಗಳು ಹೋಗಿರಬಹುದು, ಆ ಖಾಲಿ ಜಾಗಕ್ಕೆ ಲಂಟಾನ ಬಂದಿರಬಹುದು. ಈ ಗಿಡ ಗಾಡಿ ಓಡಿಸುತ್ತಿದೆಯೋ, ಓಡುವ ಗಾಡಿ ಹತ್ತಿ ಕೂತಿದೆಯೋ ಎಂದು ನಮ್ಮ ವಲಯದಲ್ಲಿ ಕೇಳುತ್ತೇವೆ.

ಅದಕ್ಕೆ ನಾನು ನಂಬಿರುವ ದಾರಿ ಪ್ಲಾಟ್ ಹಾಕುವುದು. ಒಂದೇ ಇಳಿಜಾರು, ಒಂದೇ ಮಣ್ಣು, ಒಂದೇ ಪ್ರಮಾಣದ ನೆರಳು ಇರುವ ಕಡೆ ಅಕ್ಕಪಕ್ಕ ನಾಲ್ಕು ತುಂಡು ನೆಲ ಗುರುತಿಸುತ್ತೇನೆ. ಮೊದಲನೆಯದನ್ನು ಮುಟ್ಟುವುದಿಲ್ಲ. ಎರಡನೆಯದರಲ್ಲಿ ಲಂಟಾನ ಕೀಳುತ್ತೇನೆ, ಅಷ್ಟೇ. ಮೂರನೆಯದರಲ್ಲಿ ಲಂಟಾನ ಹಾಗೇ ಇರುತ್ತದೆ, ಆದರೆ ಬೇಲಿ ಹಾಕಿ, ಸುತ್ತ ಬೆಂಕಿಗೆರೆ ತೆಗೆದು, ಮೇಯುವ ದನ ಮತ್ತು ಬೆಂಕಿ ಎರಡನ್ನೂ ದೂರ ಇಡುತ್ತೇನೆ. ನಾಲ್ಕನೆಯದರಲ್ಲಿ ಎರಡನ್ನೂ ಮಾಡುತ್ತೇನೆ. ಬರೀ ಕಿತ್ತಿದ್ದಕ್ಕೇ ಕಾಡಿನ ಸಸಿಗಳು ವಾಪಸ್ ಬಂದರೆ ತಪ್ಪು ಲಂಟಾನದ್ದು. ಲಂಟಾನ ಇದ್ದಾಗಲೂ ಬೇಲಿಯ ಒಳಗೆ ಅವು ಬಂದರೆ ಲಂಟಾನ ಬರೀ ಗಾಡಿ ಹತ್ತಿದ್ದು. ಇಂಥ ನಾಲ್ಕರ ಗುಂಪುಗಳನ್ನು ಹಲವು ಕಡೆ ಹಾಕಬೇಕು, ಇಲ್ಲದಿದ್ದರೆ ಒಂದು ಜಾಗದ ಆಕಸ್ಮಿಕವನ್ನೇ ನಿಯಮ ಎಂದುಕೊಳ್ಳುತ್ತೇವೆ.

ಮೊದಲ ಮಳೆಗಾಲದಲ್ಲಿ, ಕಿತ್ತ ಪ್ಲಾಟಿನಲ್ಲಿ ಒಂದು ಮೀಟರಿನ ಚೌಕ ಇಟ್ಟು ಮಂಡಿಯೂರಿ ಎಣಿಸಲು ಕೂತೆ. ಬೆರಳ ಉದ್ದದ ಮೊಳಕೆಗಳು, ಅಂಚು ಗರಗಸದಂಥ ಎಲೆ, ಮುಟ್ಟಿದರೆ ಒರಟು, ಹಿಸುಕಿದರೆ ಆ ಕಟು ವಾಸನೆ. ಕಿತ್ತ ಜಾಗದಲ್ಲಿ ಮತ್ತೆ ಎದ್ದದ್ದೂ ಲಂಟಾನವೇ! ಮರುವರ್ಷ ಪ್ರತಿ ಪ್ಲಾಟಿನ ಮೇಲ್ಪದರದ ಐದು ಸೆಂಟಿಮೀಟರ್ ಮಣ್ಣು ತಂದು, ಟ್ರೇಗಳಲ್ಲಿ ಹರಡಿ, ನೀರು ಹನಿಸುತ್ತ ತಿಂಗಳುಗಟ್ಟಲೆ ಕಾದೆವು. ಮೊಳೆತದ್ದನ್ನು ಗುರುತಿಸಿ, ಬರೆದುಕೊಂಡು, ಕಿತ್ತು, ಮತ್ತೆ ಕಾಯುವುದು. ಹಳೆಯ ಪೊದೆಯ ಕೆಳಗಿನ ಮಣ್ಣಿನಲ್ಲಿ ಎದ್ದದ್ದು ಲಂಟಾನ, ಒಂದಷ್ಟು ಹುಲ್ಲು. ಮರದ ಸಸಿ ಒಂದೂ ಇಲ್ಲ. ಆ ಟ್ರೇಗಳ ಮುಂದೆ ನಿಂತಾಗ ನನಗೆ ನಿಜಕ್ಕೂ ಸಂಕಟವಾಯಿತು. ಮೇಲೆ ಕಾಣುವ ಪೊದೆ ತೆಗೆದರೂ, ಕಾಡಿನ ಬೀಜವೇ ನೆಲದೊಳಗೆ ಇಲ್ಲದಿದ್ದರೆ ಕಾಡು ಎಲ್ಲಿಂದ ಬರಬೇಕು? ಹಕ್ಕಿ ತರಬೇಕು, ಇಲ್ಲವೇ ನಾವು ನೆಡಬೇಕು. ನನ್ನ ಜಾಗಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡದ್ದು ನಾಲ್ಕನೆಯ ಪ್ಲಾಟ್ ಮಾತ್ರ, ಅದೂ ಹಣ್ಣು ಬಿಡುವ ಹಳೆಯ ಮರ ಹತ್ತಿರ ಇದ್ದ ಕಡೆ. ಅಂದರೆ ಅಲ್ಲಿ ಲಂಟಾನ ಮೊದಲು ಗಾಡಿ ಹತ್ತಿತ್ತು, ಆಮೇಲೆ ಚಾಲಕನ ಜಾಗಕ್ಕೆ ಬಂದಿತ್ತು.

ಎಲ್ಲ ಕಡೆ ಹೀಗೇ ಆಗುತ್ತದೆ ಎಂದುಕೊಳ್ಳಬೇಡಿ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ತಪ್ಪು ಯಾರದ್ದೆಂದು ಸ್ಪಷ್ಟ. ಎರಡನೇ ಮಹಾಯುದ್ಧ ಮುಗಿದಮೇಲೆ ಸರಕಿನೊಂದಿಗೆ ಕಂದು ಮರಹಾವು ಅಲ್ಲಿಗೆ ಬಂತು. ಹಕ್ಕಿಗಳು ಒಂದೊಂದಾಗಿ ಕಾಣೆಯಾದವು. ಕೀಟನಾಶಕವೋ, ರೋಗವೋ ಎಂದು ಮೊದಲು ಅನುಮಾನ ಪಟ್ಟರು. 1980ರ ದಶಕದಲ್ಲಿ ಜೂಲಿ ಸ್ಯಾವಿಜ್ ಎಂಬ ಪರಿಸರ ವಿಜ್ಞಾನಿ ಒಂದೊಂದು ಕಾರಣವನ್ನೂ ಪರೀಕ್ಷಿಸಿದರು. ಬೋನುಗಳಲ್ಲಿ ಜೀವಂತ ಹಕ್ಕಿ ಇಟ್ಟು ನೋಡಿದರು. ಎಲ್ಲಿ ಕಾಡುಹಕ್ಕಿಗಳು ಮರೆಯಾಗಿದ್ದವೋ ಅಲ್ಲಿ ಹಾವು ಬೋನಿನ ಹಕ್ಕಿಗಳನ್ನೂ ಹುಡುಕಿಕೊಂಡು ಬಂತು. ಕೊನೆಗೆ ದ್ವೀಪದ 12 ಸ್ಥಳೀಯ ಕಾಡುಹಕ್ಕಿ ಪ್ರಭೇದಗಳಲ್ಲಿ 10 ಅಲ್ಲಿನ ಕಾಡಿನಿಂದ ಹೋದವು. ಅಲ್ಲಿಗೂ ಮುಗಿಯಲಿಲ್ಲ: ಜೇಡಗಳು ಹೆಚ್ಚಿದವು, ಹಣ್ಣು ತಿಂದು ಬೀಜ ಒಯ್ಯುವವರಿಲ್ಲದೆ ಬೀಜಗಳು ತಾಯಿಮರದ ಬುಡದಲ್ಲೇ ಬೀಳುತ್ತಿವೆ.

ಇನ್ನು ಹವಾಮಾನ ಬದಲಾದಾಗ ಹೊರಗಿನ ಪ್ರಭೇದಗಳಿಗೆ ಹೇಗೆ ಅನುಕೂಲವಾಗುತ್ತದೆ ಎಂಬುದು. ಇದರ ಬಗ್ಗೆ ಯಾರಿಗಾದರೂ ಹೇಳುವಾಗ ನಾನು ಸೂಯೆಜ್ ಕಾಲುವೆಯಿಂದ ಶುರುಮಾಡುತ್ತೇನೆ. 1869ರಲ್ಲಿ ಅದು ತೆರೆದಾಗ ಕೆಂಪು ಸಮುದ್ರದ ಜೀವಿಗಳಿಗೆ ಮೆಡಿಟರೇನಿಯನ್‌ಗೆ ಬಾಗಿಲು ಸಿಕ್ಕಿತು. ಆದರೆ ದಾರಿಯಲ್ಲಿ ವಿಪರೀತ ಉಪ್ಪಿನ ಬಿಟರ್ ಲೇಕ್ಸ್ ಸರೋವರಗಳು, ಆಚೆ ದಡದಲ್ಲಿ ನೈಲ್ ನದಿ ಸುರಿಯುವ ಸಿಹಿನೀರು, ಅದನ್ನೂ ದಾಟಿದರೆ ಚಳಿಗಾಲದ ತಣ್ಣನೆಯ ಸಮುದ್ರ. ಕಾಲ ಕಳೆದಂತೆ ಸರೋವರಗಳ ಉಪ್ಪು ಕರಗಿತು. 1960ರ ದಶಕದಲ್ಲಿ ಅಸ್ವಾನ್ ಹೈ ಡ್ಯಾಮ್ ಕಟ್ಟಿದಮೇಲೆ ನೈಲ್ ನದಿಯ ಪ್ರವಾಹ ಕುಗ್ಗಿತು. ಸಮುದ್ರವೂ ಬೆಚ್ಚಗಾಗುತ್ತ ಬಂತು. ವಿಷಮುಳ್ಳಿನ ಲಯನ್‌ಫಿಶ್ 1991ರಲ್ಲಿ ಮೆಡಿಟರೇನಿಯನ್‌ನಲ್ಲಿ ಒಮ್ಮೆ ಸಿಕ್ಕಿತ್ತು, ಆಮೇಲೆ ಸುಳಿವಿರಲಿಲ್ಲ. 2012ರ ನಂತರ ಸೈಪ್ರಸ್ ಕಡೆಯಿಂದ ವೇಗವಾಗಿ ಹಬ್ಬಿತು. ಅದೇ ಬಾಗಿಲು, ಅದೇ ಮೀನು, ಆದರೆ ಈ ಸಲ ಒಳಗಿನ ಮನೆ ಬೇರೆಯಾಗಿತ್ತು.

ಇದೇ ಕಾರಣಕ್ಕೆ "ಇಷ್ಟು ವರ್ಷ ಸುಮ್ಮನಿದೆಯಲ್ಲ, ಇದರಿಂದ ಏನೂ ತೊಂದರೆಯಿಲ್ಲ" ಎಂಬ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಹೊರಗಿನಿಂದ ಬಂದ ಗಿಡ ದಶಕಗಟ್ಟಲೆ ಒಂದು ಮೂಲೆಯಲ್ಲಿದ್ದು, ಚಳಿ ಕಡಿಮೆಯಾದ ಮೇಲೋ, ಪರಾಗ ಒಯ್ಯುವ ಕೀಟ ಸಿಕ್ಕಮೇಲೋ ಒಮ್ಮೆಲೇ ಹಬ್ಬುವುದುಂಟು. ಹಾಗೆಂದು ಹೊರಗಿನದೆಲ್ಲ ಕೆಟ್ಟದ್ದಲ್ಲ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ವೇದಿಕೆ ಐಪಿಬಿಇಎಸ್ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ಮನುಷ್ಯರಿಂದಾಗಿ ಹೊಸ ನೆಲ ಸೇರಿ ಬೇರೂರಿದ ಪ್ರಭೇದಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ ಹಾನಿಕಾರಕ ಎಂದು ದಾಖಲಾದವು 3,500ಕ್ಕೂ ಹೆಚ್ಚು. ಉಳಿದವನ್ನು ದ್ವೇಷಿಸುವ ಅಗತ್ಯ ನನಗೆ ಕಾಣುವುದಿಲ್ಲ, ಆದರೆ ಗಮನ ಇಡಬೇಕು.

ಕಾರಣ, ಪರಿಣಾಮ ಎರಡೂ ಒಂದೇ ಆಗುವ ಕಡೆಯೂ ಇದೆ. ಅಮೆರಿಕದ ಪಶ್ಚಿಮ ಭಾಗದ ಒಣಭೂಮಿಯಲ್ಲಿ ಚೀಟ್‌ಗ್ರಾಸ್ ಎಂಬ ಹೊರಗಿನ ಹುಲ್ಲು ಬೇಸಿಗೆಯ ಆರಂಭದಲ್ಲೇ ಒಣಗಿ, ಸೇಜ್‌ಬ್ರಷ್ ಪೊದೆಗಳ ನಡುವೆ ಖಾಲಿಯಿದ್ದ ನೆಲ ತುಂಬುತ್ತದೆ. ಬೆಂಕಿ ಪೊದೆಯಿಂದ ಪೊದೆಗೆ ದಾಟುತ್ತದೆ. ಸುಟ್ಟ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ, ಹುಲ್ಲು ಮತ್ತೆ ಮೊಳೆಯುತ್ತದೆ, ಮುಂದಿನ ಬೆಂಕಿಗೆ ಸೌದೆ ಸಿದ್ಧ.

ನೀವು ನಿಮ್ಮ ಹತ್ತಿರದ ಜಾಗದಲ್ಲಿ ಕಳೆ ತೆಗೆಯುವ ಯೋಚನೆಯಲ್ಲಿದ್ದರೆ ಒಂದು ಮಾತು. ಎಷ್ಟೋ ಉತ್ಸಾಹಿ ಗುಂಪುಗಳು ಎಲ್ಲವನ್ನೂ ಒಂದೇ ಸಲ ಕಿತ್ತು, ಎರಡು ವರ್ಷದ ಮೇಲೆ ಏನು ಬದಲಾಯಿತೆಂದು ಹೇಳಲಾಗದೆ ಕೂತಿದ್ದನ್ನು ನೋಡಿದ್ದೇನೆ. ಕೀಳುವ ಮೊದಲೇ ಎಣಿಸಿ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ, ಒಂದು ತುಂಡನ್ನು ಮುಟ್ಟದೆ ಬಿಡಿ. ಲಂಟಾನವಾದರೆ ಕಾಂಡ ಕಡಿದು ಬಿಡಬೇಡಿ, ಬುಡದಿಂದ ಮತ್ತೆ ಚಿಗುರುತ್ತದೆ. ನೆಲದ ಕೆಳಗೆ ಬೇರು ಶುರುವಾಗುವಲ್ಲಿ ಕತ್ತರಿಸಿ, ಗಿಡವನ್ನು ಬೇರು ಮೇಲಾಗಿ ತಿರುಗಿಸಿಟ್ಟು ಒಣಗಲು ಬಿಡಿ. ಮುಂದಿನ ಮಳೆಗೆ ಮೊಳಕೆಗಳು ಏಳುತ್ತವೆ. ಹೂ ಬಿಡುವ ಮುನ್ನ ಅವನ್ನು ಕೈಯಿಂದ ಕೀಳಲು ಜನ ಬೇಕಾಗುತ್ತಾರೆ, ಅವರನ್ನು ಈಗಲೇ ಹೊಂದಿಸಿಕೊಳ್ಳಿ.