ಅಣ್ಣನನ್ನು ಲೆಕ್ಕ ಕೇಳುವುದು ಹೇಗೆ?

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿ. ಅಣ್ಣ ತಮ್ಮ ಇಬ್ಬರೂ ಬಂಡವಾಳ ಹಾಕಿದ್ದಾರೆ, ಪಾಲುದಾರಿಕೆ ಪತ್ರ ಮಾಡಿಕೊಂಡಿಲ್ಲ. ಗಲ್ಲಾ ಅಣ್ಣನದು, ಹುರಿಯುವುದು ತಮ್ಮನದು, ಪ್ಯಾಕಿಂಗ್ ತಮ್ಮನ ಹೆಂಡತಿಯದು. ಸಲಹೆಗೆ ಬಂದವರು ತಮ್ಮ. ವ್ಯಾಪಾರವಿದೆ, ದುಡ್ಡು ಉಳಿಯುತ್ತಿಲ್ಲ. ಕೇಳಿದರೆ ಅಣ್ಣ "ನನ್ನ ಮೇಲೆ ನಂಬಿಕೆ ಇಲ್ವೇನೋ?" ಅನ್ನುತ್ತಾರೆ. ಬೇರೆ ಅಂಗಡಿ ಹಾಕಿಬಿಡಲೇ ಎಂಬುದು ತಮ್ಮನ ಪ್ರಶ್ನೆ.

ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. 100 ಕೆಜಿ ಬೀಜ ಹುರಿದರೆ ಮುಖ್ಯವಾಗಿ ತೇವ ಹೋಗಿ 80ರಿಂದ 85 ಕೆಜಿ ಉಳಿಯುತ್ತದೆ, ಕಪ್ಪಗೆ ಹುರಿದಷ್ಟೂ ಕಡಿಮೆ. ಅಣ್ಣ ಹಿಂದೆ ಕೆಲಸಕ್ಕಿದ್ದ ಅಂಗಡಿಯ ರೂಢಿಯಂತೆ 10 ಕೆಜಿ ಮಾತ್ರ ಕಳೆದು ದರ ಕಟ್ಟುತ್ತಿದ್ದರು. ಬೀಜ ಕೆಜಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ: ಅವರ ಲೆಕ್ಕದಲ್ಲಿ ಪುಡಿಯ ಅಸಲು 444, 18 ಕೆಜಿ ಕಳೆದರೆ 488. ಕೆಜಿಗೆ 44 ರೂಪಾಯಿ ಹೊಗೆಯ ಜೊತೆ ಹೋಗುತ್ತಿತ್ತು. ತಮ್ಮನಿಗಿದು ಗೊತ್ತಿತ್ತು. ದೊಡ್ಡವರ ಲೆಕ್ಕ ತಪ್ಪು ಅನ್ನಲು ಬಾಯಿ ಬರಲಿಲ್ಲ. ಚಿಕೋರಿ ಹೆಚ್ಚಿಸಿ ಸರಿದೂಗಿಸುವ ಯೋಚನೆಯೂ ಇತ್ತಂತೆ. ಆದರೆ ನಿಯಮದಂತೆ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಇಳಿಯುವಂತಿಲ್ಲ. ಹುರಿಯುವಾಗಿನ ಈ ನಷ್ಟವಲ್ಲದೆ ನೆಂಟರ ಮದುವೆ, ಗೃಹಪ್ರವೇಶಗಳಿಗೆ ಪುಕ್ಕಟೆ ಹೋದ ಪುಡಿ, ಬರೆದಿಡದ ಉದ್ರಿ.

ಬೇರೆಯಾಗುವ ಮಾತು ಈಗ ಬೇಡ ಎಂದು ಹೇಳಲಾಯಿತು. ಒಂದು ತಿಂಗಳು ಪ್ರತಿ ಸಲ ಹುರಿಯುವ ಮೊದಲು, ಆಮೇಲೆ ತೂಕ ಬರೆದಿಡಬೇಕು. ಆ ಪುಸ್ತಕವನ್ನು ಅಣ್ಣನ ಮುಂದಿಟ್ಟು "ದರ ಹೇಗೆ ಕಟ್ಟೋಣ?" ಎಂದಷ್ಟೇ ಕೇಳಬೇಕು. ತೀರ್ಮಾನ ಅವರದೇ ಆದರೆ ಮರ್ಯಾದೆಗೆ ಕುಂದಿಲ್ಲ. ವಾರಕ್ಕೊಮ್ಮೆ ಬಾಗಿಲು ಹಾಕಿದ ಮೇಲೆ ಮೂವರೂ ಅರ್ಧ ಗಂಟೆ ಕೂರಲಿ, ಅಣ್ಣ ಕೊನೆಗೆ ಮಾತಾಡಲಿ. ಅವರು ಮೊದಲೇ ಮಾತಾಡಿದರೆ ಉಳಿದಿಬ್ಬರು ಹೂಂ ಅಂದು ಏಳುತ್ತಾರೆ. ನೆಂಟರಿಗೆ ಕೊಡುವುದನ್ನು ನಿಲ್ಲಿಸುವುದು ನಮ್ಮ ಕಡೆ ಆಗದ ಮಾತು. ತಿಂಗಳಿಗೆ 5 ಕೆಜಿ ಎಂದು ಮಿತಿ ಹಾಕಿ, ಮೀರಿದ್ದನ್ನು ಕೊಟ್ಟವರ ಪಾಲಿನಲ್ಲಿ ಕಳೆಯಬೇಕು. ಪ್ಯಾಕಿಂಗ್‌ಗೆ ಸಂಬಳ ಆಕೆಯ ಬ್ಯಾಂಕ್ ಖಾತೆಗೇ ಹೋಗಬೇಕು. ಮನೆಕೆಲಸದ ಜೊತೆ ಅದನ್ನೂ ಸೇರಿಸಿದ್ದರಿಂದಲೇ ಅಸಲಿನಲ್ಲಿ ಕೂಲಿ ಕಾಣುತ್ತಿರಲಿಲ್ಲ.

ಪಾಲುದಾರಿಕೆ ಪತ್ರವೂ ಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭನಷ್ಟ ಸಮಪಾಲು, ಪಾಲುದಾರರ ದುಡಿಮೆಗೆ ಸಂಬಳವಿಲ್ಲ.

ಎರಡನೇ ಭೇಟಿಗೆ ಅಣ್ಣನೂ ಬಂದರು. ತೂಕದ ಪುಸ್ತಕ ಒಪ್ಪಿದರು. "ಒಡಹುಟ್ಟಿದವರ ನಡುವೆ ಪತ್ರ ಯಾಕೆ, ಯುಗಾದಿ ಕಳೀಲಿ ನೋಡೋಣ" ಅಂದರು. ಅಲ್ಲಿಯವರೆಗೆ ಅಂಗಡಿಯ ಹೆಸರಲ್ಲಿ ಹೊಸ ಸಾಲ ಎತ್ತಬೇಡಿ ಎಂದು ಇಬ್ಬರಿಗೂ ತಿಳಿಸಲಾಗಿದೆ: ವ್ಯವಹಾರದ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ.